ಎರಡು ಸಿಂಕು, ಒಂದು ಒಲೆ: ಕೋಷರ್ ಅಡುಗೆಮನೆಯ ನಕ್ಷೆ ಕುರಿತು ಓದುಗರ ಪ್ರಶ್ನೆಗಳು

ಈ ಸಲ ಮೂರು ಪತ್ರಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಅಮೆರಿಕದ ನ್ಯೂಜೆರ್ಸಿ, ನಮ್ಮ ಜಿಗಣಿ, ಇಸ್ರೇಲಿನ ಪೆತಾ ತಿಕ್ವಾ ಎಂಬ ಮೂರು ದೂರದೂರದ ಊರುಗಳಿಂದ ಬಂದಿದ್ದರೂ ಮೂರೂ ಪತ್ರಗಳು ಕೇಳುತ್ತಿರುವುದು ಯಹೂದಿ ಮನೆಯ ಕೋಷರ್, ಅಂದರೆ ಆ ಧರ್ಮದ ಆಹಾರ ನಿಯಮಗಳಿಗೆ ಒಪ್ಪುವ, ಅಡುಗೆಮನೆಯನ್ನು ಹೇಗೆ ಏರ್ಪಡಿಸಬೇಕು ಎಂಬುದನ್ನೇ.

ಪ್ರಶ್ನೆ: ನಾನು ಧಾರವಾಡದ ಕಡೆಯವನು. ವಾಸ್ತುಶಿಲ್ಪ ಕಲಿತು ಈಗ ನ್ಯೂಜೆರ್ಸಿಯಲ್ಲಿ ಅಡುಗೆಮನೆಗಳ ವಿನ್ಯಾಸ ಮಾಡುತ್ತಿದ್ದೇನೆ. ಟೀನೆಕ್ ಊರಿನ ಯಹೂದಿ ಕುಟುಂಬವೊಂದು ತಮ್ಮ ಹಳೆಯ ಅಡುಗೆಮನೆಯನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿಸಲು ಹೊರಟಿದೆ. ಕೋಣೆ 14 ಅಡಿಗೆ 12 ಅಡಿ. ‘ಮಾಂಸಕ್ಕೆ ಬೇರೆ, ಹಾಲಿಗೆ ಬೇರೆ ಬೇಕು’ ಎಂದು ಅವರು ಹೇಳಿದ್ದರಿಂದ ಕೋಣೆಯ ನಡುವೆ ಗೆರೆ ಎಳೆದು, ಎರಡೂ ಕಡೆ ಒಂದೇ ಅಳತೆಯ ಕಟ್ಟೆ, ಸಿಂಕು, ಓವನ್, ಡಿಶ್‌ವಾಷರ್ ಕೂರಿಸಿ ನಕ್ಷೆ ಕೊಟ್ಟೆ. ಮನೆಯೊಡತಿ ಬಹಳ ಹೊತ್ತು ನೋಡಿ, ‘ನೋಡಲು ಚೆನ್ನಾಗಿದೆ, ಆದರೆ ಇದರೊಳಗೆ ನನಗೆ ಅಡುಗೆ ಮಾಡಲು ಆಗುವುದಿಲ್ಲ’ ಎಂದರು. ನಾನು ಎಲ್ಲಿ ತಪ್ಪಿದೆ?

ಉತ್ತರ: ನೀವು ಪತ್ರದೊಂದಿಗೆ ಕಳುಹಿಸಿದ ನಕ್ಷೆಯನ್ನು ಎರಡು ದಿನ ಮೇಜಿನ ಮೇಲೆ ಹರಡಿಕೊಂಡು ನೋಡಿದೆ. ಸಾಮಾನುಗಳ ಲೆಕ್ಕ ಸರಿಯಾಗಿದೆ. ಒಲೆಯಿಂದ ಇಳಿಸಿದ ಬಿಸಿ ಪಾತ್ರೆ ಎಲ್ಲಿಗೆ ಹೋಗುತ್ತದೆ, ಅದರಿಂದ ಬಸಿದ ನೀರು ಎಲ್ಲಿ ಬೀಳುತ್ತದೆ, ಎದ್ದ ಹಬೆ ಏನನ್ನು ತಾಕುತ್ತದೆ ಎಂಬುದು ಮಾತ್ರ ಅದರಲ್ಲಿ ಎಲ್ಲಿಯೂ ಕಾಣುವುದಿಲ್ಲ. ಕೋಷರ್ ಅಡುಗೆಮನೆಯ ನಕ್ಷೆಯನ್ನು ಈ ಮೂರು ದಾರಿಗಳಿಂದಲೇ ಆರಂಭಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಪಾಟುಗಳ ಹಂಚಿಕೆ ಆಮೇಲಿನ ಮಾತು.

ಇದಕ್ಕೆ ಕಾರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ‘ಮೇಕೆಯ ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬಾರದು’ ಎಂಬ ವಿಧಿ ಯಹೂದಿಗಳ ಧರ್ಮಗ್ರಂಥವಾದ ತೋರಾದಲ್ಲಿ ಮೂರು ಕಡೆ ಬರುತ್ತದೆ. ವಿಮೋಚನಕಾಂಡದಲ್ಲಿ ಎರಡು ಸಲ, ಧರ್ಮೋಪದೇಶಕಾಂಡದಲ್ಲಿ ಒಂದು ಸಲ. ಮಾಂಸ ಮತ್ತು ಹಾಲನ್ನು ಕೂಡಿಸಿ ಬೇಯಿಸಬಾರದು, ತಿನ್ನಬಾರದು, ಹಾಗೆ ಬೆಂದದ್ದರಿಂದ ಯಾವ ಲಾಭವನ್ನೂ ಪಡೆಯಬಾರದು ಎಂಬ ಮೂರು ನಿಷೇಧಗಳನ್ನು ಯಹೂದಿ ಪಂಡಿತರು ಇದರಿಂದ ತೆಗೆದರು. ಮಾಂಸದ ಪಾತ್ರೆ ಪದಾರ್ಥಗಳನ್ನು ಹೀಬ್ರೂ ಭಾಷೆಯಲ್ಲಿ ‘ಬಸಾರಿ’ ಎಂದೂ, ಹಾಲಿನವನ್ನು ‘ಹಲವಿ’ ಎಂದೂ ಕರೆಯುತ್ತಾರೆ. ನಿಮ್ಮ ಟೀನೆಕ್ ಮನೆಯಲ್ಲಿ ಇವೇ ‘ಫ್ಲೇಷಿಗ್’, ‘ಮಿಲ್ಖಿಗ್’ ಎಂಬ ಯಿಡ್ಡಿಷ್ ಹೆಸರಿನಲ್ಲಿ ಕೇಳಿಬರಬಹುದು. ಧಾನ್ಯ, ತರಕಾರಿ, ಹಣ್ಣು, ಎಣ್ಣೆ, ಮೊಟ್ಟೆ, ಮೀನು ಇವು ಎರಡಕ್ಕೂ ಸೇರದ ‘ಪರ್ವೆ’. ನಿಮ್ಮ ನಕ್ಷೆಯಲ್ಲಿ ಈ ಮೂರನೆಯದಕ್ಕೆ ಒಂದು ಅಂಗುಲವೂ ಸಿಕ್ಕಿಲ್ಲ. ದಿನದ ಕೆಲಸದಲ್ಲಿ ತರಕಾರಿ ಹೆಚ್ಚುವುದು, ಹಿಟ್ಟು ಕಲೆಸುವುದು, ಅಕ್ಕಿ ತೊಳೆಯುವುದು ಎಷ್ಟು ಹೊತ್ತು ನಡೆಯುತ್ತದೆ ಎಂದು ಯೋಚಿಸಿದರೆ ಮನೆಯೊಡತಿಯ ಮಾತು ಅರ್ಧ ಅರ್ಥವಾಗುತ್ತದೆ.

ಉಳಿದರ್ಧಕ್ಕೆ ಬಿಸಿಯ ನಿಯಮ ತಿಳಿಯಬೇಕು. ಮುಸುರೆ, ಎಂಜಲು, ಮಡಿ ಎಂಬ ಎಣಿಕೆಗಳ ನಡುವೆ ಬೆಳೆದ ನಮ್ಮಲ್ಲಿ ಅನೇಕರಿಗೆ ಕೋಷರ್ ಎಂಬುದು ಬೇಗನೆ ಅರ್ಥವಾದಂತೆ ಅನಿಸುತ್ತದೆ, ಆ ಅನಿಸಿಕೆಯೇ ನಕ್ಷೆಯನ್ನು ದಾರಿ ತಪ್ಪಿಸುತ್ತದೆ. ಅನ್ನದ ಪಾತ್ರೆ ಮುಟ್ಟಿದ ಕೈಯನ್ನು ತೊಳೆಯದೆ ಉಪ್ಪಿನಕಾಯಿ ಜಾಡಿಗೆ ಇಟ್ಟರೆ ಅಜ್ಜಿ ಗದರುತ್ತಿದ್ದರು, ಏಕೆಂದರೆ ಮುಸುರೆ ಮುಟ್ಟುವುದರಿಂದಲೇ ದಾಟುತ್ತದೆ. ಕೋಷರ್‌ನಲ್ಲಿ ಹಾಗಲ್ಲ. ಶುಚಿಯಾಗಿ, ತಣ್ಣಗೆ, ಒಣಗಿರುವ ಎರಡು ಪಾತ್ರೆಗಳು ಒಂದಕ್ಕೊಂದು ತಾಗಿದರೆ ಯಾವ ದೋಷವೂ ಇಲ್ಲ. ರುಚಿ ದಾಟುವುದು ಬಿಸಿಯಿಂದ. ಪಾತ್ರೆಯು ಬಿಸಿಯಲ್ಲಿ ರುಚಿಯನ್ನು ಹೀರುತ್ತದೆ, ಬಿಸಿಯಲ್ಲೇ ಅದನ್ನು ಹೊರಗೆ ಬಿಡುತ್ತದೆ ಎಂಬುದು ಈ ಶಾಸ್ತ್ರದ ಅಡಿಪಾಯ. ಮುಟ್ಟಿದರೆ ಕೈ ತಾನಾಗಿ ಹಿಂದೆ ಸರಿಯುವಷ್ಟು ಬಿಸಿ ಎಂಬುದು ಅದರ ಅಳತೆ. ಇದನ್ನು ಸಾಮಾನ್ಯವಾಗಿ ಸುಮಾರು 45 ಡಿಗ್ರಿ ಸೆಲ್ಸಿಯಸ್ ಎಂದು ಹಿಡಿಯುತ್ತಾರೆ. ಆದ್ದರಿಂದಲೇ ಫ್ರಿಜ್ ಒಂದೇ ಇದ್ದರೂ ಸಾಕು. ಮಾಂಸವನ್ನು ಕೆಳಗಿನ ಅರೆಯಲ್ಲಿಟ್ಟು ಅದರ ರಸ ಯಾವುದರ ಮೇಲೂ ತೊಟ್ಟಿಕ್ಕದಂತೆ ನೋಡಿಕೊಂಡರೆ ಆಯಿತು. ನೀವು ಎರಡನೆಯ ಫ್ರಿಜ್‌ಗೆ ಬಿಟ್ಟಿರುವ 3 ಅಡಿ ಜಾಗವನ್ನು ಹಿಂದಕ್ಕೆ ಪಡೆಯಿರಿ.

ಆ ಜಾಗವನ್ನು, ಅದರ ಹಣವನ್ನು ಸಿಂಕುಗಳಿಗೆ ಸುರಿಯಿರಿ. ಬಿಸಿ ಮತ್ತು ನೀರು ಎರಡೂ ಕೂಡುವ ಸ್ಥಳ ಸಿಂಕು. ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಬಹಳ ವರ್ಷಗಳ ಹಿಂದೆ ನಾನು ವಿನ್ಯಾಸ ಮಾಡಿದ ಮೊದಲ ಕೋಷರ್ ಅಡುಗೆಮನೆಯಲ್ಲಿ ಜಾಗ ಉಳಿಸಲೆಂದು ಒಂದೇ ಚೌಕಟ್ಟಿನ ಎರಡು ತೊಟ್ಟಿಗಳ ಸಿಂಕನ್ನು ಹಾಕಿಸಿದ್ದೆ; ಎಡ ತೊಟ್ಟಿ ಮಾಂಸಕ್ಕೆ, ಬಲ ತೊಟ್ಟಿ ಹಾಲಿಗೆ ಎಂದು ತೀರ್ಮಾನವಾಗಿತ್ತು. ಮನೆಯವರು ಬಂದು ನೆಲೆಸಿದ ವಾರದಲ್ಲಿ ಯಾವುದೋ ಅಳತೆ ನೋಡಲು ಹೋಗಿದ್ದೆ. ಆ ತಾಯಿ ಮಕ್ಕಳಿಗೆಂದು ಮ್ಯಾಕರೋನಿ ಬೇಯಿಸಿ, ಹಾಲಿನ ತೊಟ್ಟಿಯಲ್ಲಿ ಜಾಲರಿ ಇಟ್ಟು ಪಾತ್ರೆಯನ್ನು ಬಗ್ಗಿಸಿದರು. ಕುದಿಯುವ ನೀರು ಜಾಲರಿಗೆ ಬಡಿದು ಮೂರು ಬೆರಳಗಲದ ನಡುಗೋಡೆಯನ್ನು ಹಾರಿತು; ಆಚೆಗೆ ಹಿಂದಿನ ರಾತ್ರಿಯ ಕೋಳಿ ಬೇಯಿಸಿದ ತಪ್ಪಲೆ ನೆನೆಯುತ್ತಿತ್ತು. ಅವರು ಪಾತ್ರೆಯನ್ನು ಹಾಗೆಯೇ ಕೆಳಗಿಟ್ಟು, ಕೈ ಒರೆಸಿಕೊಂಡು, ಏನನ್ನೂ ಮುಟ್ಟದೆ ನಿಂತುಬಿಟ್ಟರು. ತಮ್ಮ ಧರ್ಮಗುರುವಾದ ರಬ್ಬಿಗೆ ಫೋನು ಮಾಡಿ ನೀರು ಎಷ್ಟು ಬಿಸಿಯಿತ್ತು, ತಪ್ಪಲೆ ಯಾವಾಗ ಒಲೆಯ ಮೇಲಿತ್ತು, ಎಷ್ಟು ಹನಿ ಬಿದ್ದಿತು ಎಂಬ ಪ್ರಶ್ನೆಗಳಿಗೆಲ್ಲ ಅವರು ಉತ್ತರ ಕೊಡುವಾಗ ಮಕ್ಕಳು ಊಟದ ಮೇಜಿನ ಬಳಿ ಕಾಯುತ್ತಿದ್ದರು. ಆ ಸಿಂಕನ್ನು ತೆಗೆಸಿ ಬೇರೆ ಬೇರೆ ಕಟ್ಟೆಗಳಲ್ಲಿ ಎರಡು ಸಿಂಕು ಹಾಕಿಸುವ ಖರ್ಚನ್ನು ನಾನು ಭರಿಸಿದೆ. ಅಂದಿನಿಂದ ಎರಡು ಸಿಂಕುಗಳ ನಡುವೆ ಕನಿಷ್ಠ ಒಂದು ಕಟ್ಟೆಯ ಮೂಲೆಯಾದರೂ ಅಡ್ಡ ಇರಬೇಕು ಎಂಬುದನ್ನು ಬಿಟ್ಟುಕೊಟ್ಟಿಲ್ಲ.

ನೆಲದ ಕೆಳಗೂ ಇದೇ ಎಚ್ಚರ ಬೇಕು. ಎರಡು ಸಿಂಕುಗಳ ಕೊಳವೆಗಳನ್ನು ಹತ್ತಿರದಲ್ಲೇ ಕೂಡಿಸಿ ಒಂದೇ ಟ್ರ್ಯಾಪ್‌ಗೆ (ಸಿಂಕಿನ ಕೆಳಗಿನ, ನೀರು ನಿಲ್ಲುವ ಬಾಗು ಕೊಳವೆಗೆ) ಇಳಿಸುವುದು ಪ್ಲಂಬರ್‌ಗಳಿಗೆ ಸುಲಭ. ಆದರೆ ಮುಂದೆಲ್ಲೋ ಕೊಳವೆ ಕಟ್ಟಿಕೊಂಡ ದಿನ ಮಾಂಸದ ಸಿಂಕಿನ ಕೊಳಕು ನೀರು ಹಾಲಿನ ಸಿಂಕಿನಲ್ಲಿ ಮೇಲಕ್ಕೆ ಉಕ್ಕುತ್ತದೆ. ಪ್ರತಿ ಸಿಂಕಿಗೂ ಅದರದೇ ಟ್ರ್ಯಾಪ್ ಇರಲಿ, ಎರಡೂ ಸಾಧ್ಯವಾದಷ್ಟು ದೂರ ಹೋಗಿ ಕೂಡಲಿ. ಡಿಶ್‌ವಾಷರ್‌ನ ನೀರು ಅದೇ ಬಗೆಯ ಸಿಂಕಿನ ಕೊಳವೆಗೇ ಹೋಗಬೇಕು. ಒಂದೇ ಡಿಶ್‌ವಾಷರ್ ಅನ್ನು ತಟ್ಟೆಗಳ ಜಾಲರಿ ಬದಲಿಸಿ, ನಡುವೆ ಬರಿದಾಗಿ ಒಮ್ಮೆ ಓಡಿಸಿ, ಎರಡಕ್ಕೂ ಬಳಸಬಹುದೆಂದು ಹೇಳುವ ರಬ್ಬಿಗಳಿದ್ದಾರೆ, ಕೂಡದೆಂದು ಹೇಳುವವರೂ ಇದ್ದಾರೆ. ನಿಮ್ಮ ಕೋಣೆಯಲ್ಲಿ ಎರಡಕ್ಕೆ ಸ್ಥಳವಿರುವುದರಿಂದ ಆ ಚರ್ಚೆಯ ಅಗತ್ಯವೇ ಬೀಳದು. ಹಾಲಿನ ಕಡೆಗೆ 18 ಅಂಗುಲ ಅಗಲದ್ದು ಸಾಕು.

ಇನ್ನು ಸಮಭಾಗದ ವಿಷಯ. ಎರಡು ಕಡೆಗಳನ್ನೂ ಕನ್ನಡಿಯಲ್ಲಿ ಕಂಡಂತೆ ಒಂದೇ ರೀತಿ ಮಾಡಿದ್ದೀರಿ, ಮನೆಯ ಅಡುಗೆ ಹಾಗೆ ನಡೆಯುವುದಿಲ್ಲ. ಹೆಚ್ಚಿನ ಕುಟುಂಬಗಳಲ್ಲಿ ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ಮತ್ತು ಹಬ್ಬದ ದೊಡ್ಡ ಊಟಗಳೆಲ್ಲ ಮಾಂಸದವು. ದೊಡ್ಡ ಪಾತ್ರೆ, ಹುರಿಯುವ ತಟ್ಟೆ, ಹದಿನೈದು ಜನರ ಬಸಿಗಳು ಆ ಕಡೆಗೇ ಬರುತ್ತವೆ. ಹಾಲಿನ ಕಡೆ ನಡೆಯುವುದು ಬೆಳಗಿನ ತಿಂಡಿ, ಕಾಫಿ, ಮಕ್ಕಳ ಸಂಜೆಯ ಊಟ. ಆದ್ದರಿಂದ 14 ಅಡಿಯ ಹಿಂಗೋಡೆಯಲ್ಲಿ ಒಲೆ ಬರಲಿ, 12 ಅಡಿಯ ಎರಡು ಪಕ್ಕದ ಗೋಡೆಗಳಲ್ಲಿ ಎಡಭಾಗವನ್ನು ಪೂರ್ತಿ ಮಾಂಸಕ್ಕೆ ಕೊಟ್ಟು ಅಲ್ಲಿ 33 ಅಂಗುಲದ ಆಳವಾದ ಸಿಂಕನ್ನು ಒಲೆಗೆ ಹತ್ತಿರವಾಗಿ ಇಡಿ. ಬಲಭಾಗದಲ್ಲಿ ಫ್ರಿಜ್, ಟೋಸ್ಟರ್, ಕಾಫಿ ಸಾಮಾನು ಮತ್ತು ಚಿಕ್ಕದಾದ ಹಾಲಿನ ಸಿಂಕು ಇರಲಿ. ಎದುರುಬದುರು ಕಟ್ಟೆಗಳು ತಲಾ 24 ಅಂಗುಲ ಹೋದರೆ ನಡುವೆ 10 ಅಡಿ ಉಳಿಯುತ್ತದೆ. ಅಲ್ಲಿ 30 ಅಂಗುಲ ಅಗಲದ ನಡುಕಟ್ಟೆಯೊಂದನ್ನು ಪರ್ವೆ ಕೆಲಸಕ್ಕೆಂದು ಇಟ್ಟರೆ ಎರಡೂ ಬದಿ 45 ಅಂಗುಲದ ಓಡಾಟದ ದಾರಿ ಸಿಗುತ್ತದೆ. ಒಬ್ಬರು ಅಡುಗೆ ಮಾಡುವಲ್ಲಿ 42 ಅಂಗುಲ ಸಾಕೆಂಬುದು ಅಮೆರಿಕದ ರೂಢಿಯಾದ್ದರಿಂದ ಇದು ಇಕ್ಕಟ್ಟಾಗದು.

ಪರ್ವೆ ನಡುಕಟ್ಟೆಗೆ ಅದರದೇ ಚಾಕು, ಹೆಚ್ಚುವ ಮಣೆ, ಮಿಕ್ಸರ್ ಬೇಕು. ಇದು ಶೋಕಿಯ ಮಾತಲ್ಲ. ಈರುಳ್ಳಿ, ಬೆಳ್ಳುಳ್ಳಿ, ಮೂಲಂಗಿಯಂತಹ ಘಾಟಿನ ಪದಾರ್ಥಗಳು ತಣ್ಣಗಿದ್ದರೂ ಚಾಕುವಿನ ಒತ್ತಡದಿಂದ ಅದರೊಳಗಿನ ರುಚಿಯನ್ನು ಎಳೆದುಕೊಳ್ಳುತ್ತವೆ ಎಂದು ಪರಿಗಣಿಸುತ್ತಾರೆ. ಮಾಂಸದ ಚಾಕುವಿನಲ್ಲಿ ಹೆಚ್ಚಿದ ಈರುಳ್ಳಿಯನ್ನು ಚೀಸ್ ಹಾಕುವ ಅಡುಗೆಗೆ ಬಳಸುವಂತಿಲ್ಲ. ಇದೇ ಕಟ್ಟೆಯ ಮೇಲೆ ನೆರಳು ಬೀಳದ ಪ್ರಖರವಾದ ಬಿಳಿ ದೀಪ ಹಾಕಿಸಿ. ಸೊಪ್ಪಿನಲ್ಲಿ ಹುಳುವಿದ್ದರೆ ತಿನ್ನುವುದು ನಿಷಿದ್ಧವಾದ್ದರಿಂದ ಕೋಸು, ಪಾಲಕ್, ಕೊತ್ತಂಬರಿಯನ್ನು ಎಲೆ ಎಲೆ ಬಿಡಿಸಿ ಬೆಳಕಿಗೆ ಹಿಡಿದು ನೋಡುವವರಿದ್ದಾರೆ.

ಒಲೆ ಒಂದೇ ಇರಬಹುದು. 36 ಅಂಗುಲದ ಆರು ಬರ್ನರಿನ ಗ್ಯಾಸ್ ಒಲೆ ತೆಗೆದುಕೊಂಡರೆ ಎಡಗಡೆಯ ಎರಡು ಮಾಂಸಕ್ಕೆ, ಬಲಗಡೆಯ ಎರಡು ಹಾಲಿಗೆ, ನಡುವಿನವು ಪರ್ವೆಗೆ ಎಂದು ನಿಲ್ಲುತ್ತವೆ. ಬಿಸಿ ಪಾತ್ರೆ ತನ್ನ ಬದಿಯ ಸಿಂಕಿಗೆ ಹೋಗುವಾಗ ಇನ್ನೊಂದರ ಕಟ್ಟೆಯನ್ನು ದಾಟುವುದಿಲ್ಲ. ಓವನ್ ಮಾತ್ರ ಎರಡು ಬೇಕು, ಏಕೆಂದರೆ ಮುಚ್ಚಿದ ಪೆಟ್ಟಿಗೆಯೊಳಗೆ ಹಬೆ ಎಲ್ಲವನ್ನೂ ಹಿಡಿಯುತ್ತದೆ. ಮೇಲೊಂದು ಕೆಳಗೊಂದು ಇರುವ ಜೋಡಿ ಓವನ್ ಆರಿಸುವುದಾದರೆ ಕೆಳಗಿನದರ ಹಬೆ ಹೊರಹೋಗುವ ಕಿಂಡಿ ಮೇಲಿನದರೊಳಗೆ ತೆರೆಯುವುದಿಲ್ಲ ಎಂಬುದನ್ನು ಕೈಪಿಡಿಯಲ್ಲಿ ನೋಡಿ ಖಚಿತಪಡಿಸಿಕೊಳ್ಳಿ.

ಕೈ ತೊಳೆಯುವ ಬೇಸಿನ್ ಒಂದನ್ನು ಊಟದ ಕೋಣೆಯ ಬಾಗಿಲ ಬಳಿ ಕೊಡಲು ಮರೆಯಬೇಡಿ. ರೊಟ್ಟಿ ಮುರಿಯುವ ಮೊದಲು ಎಲ್ಲರೂ ಎರಡು ಹಿಡಿಕೆಯ ಚೆಂಬಿನಿಂದ ಕೈಗೆ ನೀರು ಹೊಯ್ದುಕೊಳ್ಳುತ್ತಾರೆ. ಆ ಬೇಸಿನ್ ಇಲ್ಲದಿದ್ದರೆ ಬಂದ ಅತಿಥಿಗಳೆಲ್ಲ ಪಾತ್ರೆ ತುಂಬಿದ ಮಾಂಸದ ಸಿಂಕಿನ ಮುಂದೆ ಸಾಲು ನಿಲ್ಲುತ್ತಾರೆ.

ಅದೇ ಓದುಗರ ಇನ್ನೊಂದು ಪ್ರಶ್ನೆ: ಸಬ್ಬತ್ ಮತ್ತು ಪಾಸ್ಓವರ್ ಹಬ್ಬಕ್ಕಾಗಿ ನಕ್ಷೆಯಲ್ಲಿ ಏನಾದರೂ ಬದಲಾಗಬೇಕೇ?

ಉತ್ತರ: ಬಹಳಷ್ಟು ಬದಲಾಗಬೇಕು. ಶುಕ್ರವಾರ ಸೂರ್ಯಾಸ್ತಕ್ಕೆ ಮುಂಚೆ ದೀಪ ಹಚ್ಚಿದಲ್ಲಿಂದ ಶನಿವಾರ ಕತ್ತಲಾಗುವವರೆಗೆ ಬೇಯಿಸುವಂತಿಲ್ಲ, ಬೆಂಕಿ ಹೊತ್ತಿಸುವಂತಿಲ್ಲ, ವಿದ್ಯುತ್ ಗುಂಡಿ ಒತ್ತುವಂತಿಲ್ಲ. ಹಾಗೆಂದು ಮಧ್ಯಾಹ್ನದ ಊಟ ತಣ್ಣಗಿರಬೇಕಿಲ್ಲ. ಕಾಳು, ಬಾರ್ಲಿ, ಮಾಂಸ ಕೂಡಿಸಿದ ಚೋಲೆಂಟ್ ರಾತ್ರಿಯಿಡೀ ಸಣ್ಣ ಉರಿಯಲ್ಲಿರುತ್ತದೆ. ಉರಿಯ ಮೇಲೆ ‘ಬ್ಲೆಖ್’ ಎಂಬ ಲೋಹದ ತಗಡು ಮುಚ್ಚಿ ಅದರ ಮೇಲೆ ಪಾತ್ರೆ ಇಡುತ್ತಾರೆ ಅಥವಾ ವಿದ್ಯುತ್ತಿನ ಬಿಸಿತಟ್ಟೆ ಬಳಸುತ್ತಾರೆ. ಹಾಗಾಗಿ ಒಲೆಯ ಮೇಲಿನ ಚಿಮಣಿ, ಅಕ್ಕಪಕ್ಕದ ಕಪಾಟು ಸುಮಾರು 25 ಗಂಟೆಗಳ ಎಡೆಬಿಡದ ಶಾಖವನ್ನು ತಾಳಬೇಕು. ಬಿಸಿತಟ್ಟೆಗೂ ಬಿಸಿನೀರಿನ ಅಂಡೆಗೂ ಮಕ್ಕಳ ಕೈಗೆಟುಕದ ಸ್ಥಳದಲ್ಲಿ ಸಾಕೆಟ್ ಕೊಡಿ. ನಲ್ಲಿಯ ಬಿಸಿನೀರನ್ನು ಆ ದಿನ ಬಳಸುವುದಿಲ್ಲ, ಏಕೆಂದರೆ ಬಿಸಿನೀರು ಹೊರಬಂದಷ್ಟೂ ತಣ್ಣೀರು ಹೀಟರಿನೊಳಗೆ ಹೋಗಿ ಕಾಯುತ್ತದೆ. ಆದ್ದರಿಂದ ಚಹಾಕ್ಕೆ ಆ ಅಂಡೆಯೇ ಆಧಾರ.

ಈಗಿನ ‘ಸ್ಮಾರ್ಟ್’ ಉಪಕರಣಗಳು ಈ ಮನೆಗೆ ತೊಂದರೆಯನ್ನೇ ತರುತ್ತವೆ. ಕೈ ಅಡ್ಡ ಬಂದರೆ ನೀರು ಸುರಿಯುವ ನಲ್ಲಿ, ನಡೆದರೆ ಹೊತ್ತುವ ದೀಪ, ಪಾತ್ರೆ ಇಟ್ಟೊಡನೆ ಎಚ್ಚರಗೊಳ್ಳುವ ಇಂಡಕ್ಷನ್ ಒಲೆ ಇವು ಬೇಡ. ಫ್ರಿಜ್ಜಿನ ಒಳದೀಪವನ್ನು ಆರಿಸಿಡಲು ಬರುವಂತಿರಬೇಕು. 12 ಗಂಟೆಗಳಾದ ಮೇಲೆ ತಾನಾಗಿ ಆರುವ ಓವನ್‌ಗಳು ಇರುವುದರಿಂದ ‘ಸಬ್ಬತ್ ಮೋಡ್’ ಇರುವುದನ್ನೇ ಆರಿಸಿ. ಅದರಲ್ಲಿ ಆ ಆರುವಿಕೆ, ಒಳದೀಪ, ಬೀಪ್ ಸದ್ದು ಎಲ್ಲವೂ ನಿಂತಿರುತ್ತವೆ.

ಪಾಸ್ಓವರ್ ಇಸ್ರೇಲಿನ ಹೊರಗೆ 8 ದಿನ. ಆ ದಿನಗಳಲ್ಲಿ ಗೋಧಿ, ಬಾರ್ಲಿ, ಓಟ್ಸ್, ರೈ, ಸ್ಪೆಲ್ಟ್ ಎಂಬ ಐದು ಧಾನ್ಯಗಳಿಂದ ಹುದುಗಿದ ಯಾವುದೂ ಮನೆಯಲ್ಲಿ ಇರಬಾರದು, ಒಂದು ಚೂರು ರೊಟ್ಟಿಯೂ ಕೂಡದು. ವರ್ಷವಿಡೀ ಬಳಸಿದ ಪಾತ್ರೆಗಳನ್ನು ಒಳಗಿಟ್ಟು, ಆ ಹಬ್ಬಕ್ಕೇ ಮೀಸಲಾದ ಮಾಂಸದ ಮತ್ತು ಹಾಲಿನ ಬೇರೆ ಪಾತ್ರೆಗಳನ್ನು ಇಳಿಸುತ್ತಾರೆ. ಅಂದರೆ ಮನೆಯಲ್ಲಿರುವುದು ಒಟ್ಟು ನಾಲ್ಕು ಜೊತೆ. ಇವುಗಳಲ್ಲಿ ಎರಡು ಜೊತೆ ವರ್ಷದಲ್ಲಿ 51 ವಾರ ನಿದ್ದೆ ಮಾಡುವುದರಿಂದ ಸೂರಿಗೆ ತಾಗುವ ಎತ್ತರದ ಕಪಾಟನ್ನು ಅವಕ್ಕೆ ಕೊಡಿ. ಉಳಿದ ಕಪಾಟುಗಳ ಬಾಗಿಲಿಗೆ ಹಿಡಿಕೆ ಇರಲಿ. ಹಬ್ಬದಲ್ಲಿ ಅವನ್ನು ದಾರ ಕಟ್ಟಿಯೋ ಟೇಪು ಹಚ್ಚಿಯೋ ಮುಚ್ಚಿಡುತ್ತಾರೆ, ಒತ್ತಿದರೆ ತೆರೆಯುವ ಹಿಡಿಕೆಯಿಲ್ಲದ ಬಾಗಿಲಿಗೆ ಅದು ಆಗದು. ರೊಟ್ಟಿಯ ಪುಡಿ ಸಿಕ್ಕಿಕೊಳ್ಳುವ ಸಂದುಗಳು ಕಡಿಮೆಯಾದಷ್ಟೂ ಆ ತಾಯಿಯ ಹಬ್ಬದ ಮುಂಚಿನ ಎರಡು ವಾರಗಳು ಹಗುರಾಗುತ್ತವೆ.

ಇಷ್ಟೆಲ್ಲ ಹೇಳಿದ ಮೇಲೂ, ಮೊದಲ ಗೆರೆ ಎಳೆಯುವ ಮುನ್ನ ಆ ಕುಟುಂಬದವರು ತಮ್ಮ ರಬ್ಬಿಯನ್ನು ಕೇಳಲಿ. ಮಧ್ಯ ಮತ್ತು ಪೂರ್ವ ಯುರೋಪಿನ ಯಹೂದಿಗಳ ಅಶ್ಕೆನಾಜಿ ಸಂಪ್ರದಾಯ ಮತ್ತು ಸ್ಪೇನ್, ಮಧ್ಯಪ್ರಾಚ್ಯ ಮೂಲದವರ ಸೆಫಾರ್ದಿ ಸಂಪ್ರದಾಯ ಗಾಜಿನ ಪಾತ್ರೆಯಿಂದ ಹಿಡಿದು ಹಬ್ಬದಲ್ಲಿ ಅನ್ನ ಉಣ್ಣುವವರೆಗೆ ಹಲವು ವಿಷಯಗಳಲ್ಲಿ ಬೇರೆಯಾಗುತ್ತವೆ. ಅವರ ಮನೆಯ ಪದ್ಧತಿಯನ್ನು ನೀವು ಊಹಿಸಬಾರದು.

ಪ್ರಶ್ನೆ: ಜಿಗಣಿಯಲ್ಲಿ ನಮ್ಮದೊಂದು ಗ್ರಾನೈಟ್ ಪಾಲಿಷ್ ಘಟಕವಿದೆ. ಅಮೆರಿಕದ ಒಬ್ಬ ಖರೀದಿದಾರರು ಕೋಷರ್ ಅಡುಗೆಮನೆಗಳಿಗೆಂದು ಕ್ವಾರ್ಟ್ಜ್ ಬೇಡ, ಗ್ರಾನೈಟೇ ಬೇಕು ಎನ್ನುತ್ತಾರೆ. ಇದಕ್ಕೆ ಕಾರಣವೇನು?

ಉತ್ತರ: ಬಳಸಿದ ಕಟ್ಟೆಯನ್ನು ಪಾಸ್ಓವರ್‌ಗೆ ಮತ್ತೆ ಶುದ್ಧ ಮಾಡಿಕೊಳ್ಳುವ ಕ್ರಮವೊಂದಿದೆ. 24 ಗಂಟೆ ಬಿಸಿ ತಾಗಿಸದೆ ಬಿಟ್ಟು, ಚೆನ್ನಾಗಿ ಉಜ್ಜಿ, ಅಂಗುಲ ಅಂಗುಲಕ್ಕೂ ತಾಗುವಂತೆ ಕುದಿಯುವ ನೀರನ್ನು ಸುರಿಯುತ್ತಾರೆ. ಲೋಹ ಮತ್ತು ನೈಸರ್ಗಿಕ ಕಲ್ಲು ಹೀಗೆ ಶುದ್ಧವಾಗುತ್ತವೆ. ಮಣ್ಣಿನ ಪಾತ್ರೆ ಆಗದು. ಅದನ್ನು ಒಡೆದುಹಾಕಬೇಕೆಂದು ಯಾಜಕಕಾಂಡದಲ್ಲೇ ಇದೆ, ಪಿಂಗಾಣಿಯನ್ನೂ ಅದೇ ಸಾಲಿಗೆ ಸೇರಿಸುತ್ತಾರೆ. ಸಿಂಕಿನಲ್ಲೂ ಪಿಂಗಾಣಿಗಿಂತ ಸ್ಟೀಲನ್ನು ಕೇಳುವುದು ಇದಕ್ಕೇ. ಕ್ವಾರ್ಟ್ಜ್ ಸ್ಲ್ಯಾಬಿನಲ್ಲಿ ಕಲ್ಲಿನ ಪುಡಿ ಹೆಚ್ಚಿದ್ದರೂ ಅದನ್ನು ಹಿಡಿದಿರುವುದು ರಾಳದ ಅಂಟು. ಆದ್ದರಿಂದ ಅದನ್ನು ಕಲ್ಲೆನ್ನಬೇಕೋ ಬೇಡವೋ ಎಂಬುದರಲ್ಲಿ ರಬ್ಬಿಗಳಲ್ಲಿ ಒಮ್ಮತವಿಲ್ಲ. ಖರೀದಿದಾರರು ಸಂದೇಹವಿಲ್ಲದ್ದನ್ನು ಆರಿಸುತ್ತಿದ್ದಾರೆ.

ಇಲ್ಲಿ ನಿಮ್ಮ ಮೇಲೊಂದು ಹೊಣೆಯಿದೆ. ಸಣ್ಣ ಬಿರುಕುಗಳನ್ನು ಮುಚ್ಚಲು ನಮ್ಮ ಘಟಕಗಳಲ್ಲಿ ಗ್ರಾನೈಟಿಗೂ ಎಪಾಕ್ಸಿ ಎಂಬ ರಾಳದ ಅಂಟು ತುಂಬಿ, ಹಿಂಬದಿಗೆ ಬಲೆ ಅಂಟಿಸುವುದು ಉಂಟು. ಯಾವ ಸ್ಲ್ಯಾಬಿಗೆ ಅದು ಆಗಿದೆ, ಮೇಲೆ ಯಾವ ಸೀಲರ್ ಹಚ್ಚಿದೆ ಎಂಬುದನ್ನು ಬಿಲ್ಲಿನಲ್ಲೇ ಬರೆದು ಕಳುಹಿಸಿ. ತೀರ್ಮಾನಿಸುವುದು ಅವರ ರಬ್ಬಿಯ ಕೆಲಸ, ನಿಜವನ್ನು ಹೇಳುವುದು ನಿಮ್ಮದು. ಬಿರುಕಿಲ್ಲದ, ಏನೂ ತುಂಬದ ಸ್ಲ್ಯಾಬುಗಳನ್ನು ಅವರಿಗೆಂದೇ ಬೇರೆ ಎತ್ತಿಡುವುದು ಇನ್ನೂ ಒಳ್ಳೆಯದು. ಮಾಂಸದ ಕಡೆಗೆ ಕೆಂಪು, ಹಾಲಿನ ಕಡೆಗೆ ನೀಲಿ, ಪರ್ವೆಗೆ ಹಸಿರು ಗುರುತು ಹಚ್ಚುವುದು ಆ ಮನೆಗಳಲ್ಲಿ ಹೆಚ್ಚು ಕಾಣುವ ರೂಢಿ. ಇಳಕಲ್ಲಿನ ಕೆಂಪು ಕಲ್ಲು ಮಾಂಸದ ಕಟ್ಟೆಗೆ, ಚಾಮರಾಜನಗರದ ಕಪ್ಪು ಇನ್ನೊಂದಕ್ಕೆ ಎಂದು ಸೂಚಿಸಿ ನೋಡಿ; ಎರಡು ಬಗೆಯ ಕಲ್ಲಿದ್ದರೆ ಚಿಕ್ಕ ಮಕ್ಕಳಿಗೂ ಬಂದ ನೆಂಟರಿಗೂ ಯಾವುದು ಯಾವ ಕಡೆಯೆಂದು ಕೇಳದೆಯೇ ತಿಳಿಯುತ್ತದೆ.

ಪ್ರಶ್ನೆ: ನಾನು ಉಡುಪಿ ಜಿಲ್ಲೆಯವಳು. ಪೆತಾ ತಿಕ್ವಾದಲ್ಲಿ ಇರಾಕಿನಿಂದ ಬಂದು ನೆಲೆಸಿದ ಅಜ್ಜಿಯೊಬ್ಬರನ್ನು ನೋಡಿಕೊಳ್ಳುವ ಕೇರ್‌ಗಿವರ್ ಆಗಿದ್ದೇನೆ. ಅಜ್ಜಿ ಗಾಲಿಕುರ್ಚಿಯಲ್ಲಿದ್ದಾರೆ. ಅಡುಗೆಮನೆ ಬಹಳ ಚಿಕ್ಕದು, ಸಿಂಕು ಒಂದೇ. ಕಳೆದ ವಾರ ಮೊಸರಿನ ಚಮಚವನ್ನು ಗೊತ್ತಿಲ್ಲದೆ ಬಿಸಿಯಾದ ಕೋಳಿಸಾರಿಗೆ ಹಾಕಿಬಿಟ್ಟೆ. ಅಜ್ಜಿ ಅತ್ತರು, ನಾನೂ ಅತ್ತೆ. ಮನೆ ಒಡೆಯದೆ, ಖರ್ಚಿಲ್ಲದೆ ಇದನ್ನು ಸರಿಪಡಿಸುವ ದಾರಿ ಇದೆಯೇ?

ಉತ್ತರ: ಇದೆ, ಅಮ್ಮ. ನಿಮ್ಮ ಪತ್ರ ಓದಿ ಮನಸ್ಸು ಭಾರವಾಯಿತು. ಮೊದಲು ಆ ಚಮಚದ ವಿಷಯ ಹೇಳಿಬಿಡುತ್ತೇನೆ. ಇನ್ನೊಮ್ಮೆ ಹಾಗಾದರೆ ಏನನ್ನೂ ತೊಳೆಯಬೇಡಿ, ಎಸೆಯಬೇಡಿ, ಮುಚ್ಚಿಡಬೇಡಿ. ಉರಿ ಆರಿಸಿ, ಎರಡನ್ನೂ ಪಕ್ಕಕ್ಕಿಟ್ಟು, ಅಜ್ಜಿಗೋ ಅವರ ಮಕ್ಕಳಿಗೋ ನಡೆದದ್ದನ್ನು ನಡೆದ ಹಾಗೆ ಹೇಳಿ. ಸಾರು ಎಷ್ಟು ಬಿಸಿಯಿತ್ತು, ಚಮಚವನ್ನು ಕಳೆದ 24 ಗಂಟೆಗಳಲ್ಲಿ ಬಿಸಿಗೆ ಬಳಸಿದ್ದಿರೋ, ಚಮಚಕ್ಕೆ ಹೋಲಿಸಿದರೆ ಸಾರು ಅದರ 60 ಪಾಲಿಗಿಂತ ಹೆಚ್ಚಿತ್ತೋ ಎಂದು ರಬ್ಬಿ ಕೇಳುತ್ತಾರೆ. ಈ ಉತ್ತರಗಳ ಮೇಲೆ ಎಷ್ಟೋ ಸಲ ಅಡುಗೆ ಉಳಿಯುತ್ತದೆ. ತೊಳೆದುಬಿಟ್ಟರೆ ಕೇಳುವುದಕ್ಕೆ ಆಧಾರವೇ ಉಳಿಯದು.

ಇನ್ನು ಸಿಂಕು. ಒಂದೇ ಸಿಂಕು ಇರುವ ಮನೆಯಲ್ಲಿ ಅದರ ತಳವನ್ನು ಕೋಷರ್ ಅಲ್ಲದ್ದೆಂದು ಭಾವಿಸಿ, ಯಾವ ಪಾತ್ರೆಯನ್ನೂ ನೇರವಾಗಿ ತಳಕ್ಕೆ ತಾಗಿಸದಿರುವುದು ವಾಡಿಕೆ. ಕೆಂಪು, ನೀಲಿ ಎರಡು ಪ್ಲಾಸ್ಟಿಕ್ ಟಬ್ಬುಗಳನ್ನು ತನ್ನಿ. ಮಾಂಸದ ಪಾತ್ರೆ ತೊಳೆಯುವಾಗ ಕೆಂಪು, ಹಾಲಿನದಕ್ಕೆ ನೀಲಿ. ಒಂದು ಬಗೆಯದನ್ನು ತೊಳೆದು ಮುಗಿಸಿ, ಸಿಂಕನ್ನು ತಣ್ಣೀರಿನಲ್ಲಿ ತೊಳೆದು, ಆಮೇಲೆ ಇನ್ನೊಂದನ್ನು ತೆಗೆದುಕೊಳ್ಳಿ. ಕೈಗೆ ಹಿತವಾಗುವಷ್ಟೇ ಬೆಚ್ಚಗಿನ ನೀರು ಬಳಸಿ. ತಿಕ್ಕುವ ನಾರು, ಒರೆಸುವ ಬಟ್ಟೆ, ಪಾತ್ರೆ ಸೋರಿಸುವ ಜಾಲರಿ ಎರಡೆರಡು ಇರಲಿ. ಬಹಳ ಜನ ಮರೆಯುವುದು ಮಸಿಬಟ್ಟೆಯನ್ನು. ಬಿಸಿ ಪಾತ್ರೆಯ ಅಂಚಿನಿಂದ ಒಸರಿದ್ದನ್ನೆಲ್ಲ ಅದು ಹೀರಿರುತ್ತದೆ, ಅದೂ ಎರಡು ಬೇಕು. ಚಮಚಗಳನ್ನು ಬಣ್ಣದ ಮೇಲಷ್ಟೇ ನಂಬಬೇಡಿ. ಹಾಲಿನವು ಮರದ ಹಿಡಿಕೆಯವು, ಮಾಂಸದವು ಪೂರ್ತಿ ಸ್ಟೀಲಿನವು ಎಂದು ಮಾಡಿಕೊಂಡರೆ ಅವಸರದಲ್ಲಿ ಕಣ್ಣು ತಪ್ಪಿದರೂ ಕೈಗೆ ತಿಳಿಯುತ್ತದೆ. ಅವನ್ನು ಒಲೆಯ ಎರಡು ಬದಿಯ ಬೇರೆ ಬೇರೆ ಡ್ರಾಯರುಗಳಲ್ಲಿ ಇಡಿ.

ದೊಡ್ಡ ಓವನ್ ಇದ್ದರೆ ಅದನ್ನು ಮಾಂಸಕ್ಕೇ ಬಿಟ್ಟು, ಚೀಸಿನ ತಿಂಡಿಗಳಿಗೆ ಒಂದು ಸಣ್ಣ ಟೋಸ್ಟರ್ ಓವನ್ ಅನ್ನು ಕಿಟಕಿಯ ಬದಿಗೆ ಇರಿಸಿ. ಪಾಸ್ಓವರ್ ಪಾತ್ರೆಗಳ ಡಬ್ಬಿಗಳು ಅಡುಗೆಮನೆಯಲ್ಲಿದ್ದರೆ, ಬಟ್ಟೆ ಒಗೆಯುವ ಯಂತ್ರವಿರುವ ಹಿಂಬದಿಯ ಬಾಲ್ಕನಿಗೆ ಸಾಗಿಸಲು ಮಕ್ಕಳನ್ನು ಕೇಳಿ. ಒಂದು ಕಪಾಟೇ ಬಿಡುವಾಗುತ್ತದೆ. ನಿಮ್ಮ ಅಡುಗೆಗೆ ತೆಂಗಿನಕಾಯಿ, ತೆಂಗಿನ ಹಾಲು ಬಳಸುವುದಾದರೆ ಅವು ಪರ್ವೆ, ಮಾಂಸದ ಸಾರಿಗೂ ಹಾಕಬಹುದು. ಆದರೆ ನೋಡಿದವರು ಹಸುವಿನ ಹಾಲೆಂದು ತಪ್ಪು ತಿಳಿಯದಂತೆ ಡಬ್ಬಿಯನ್ನು ಎದುರಿಗೇ ಇಡಿ. ಬಂಗುಡೆಗೆ ರೆಕ್ಕೆಯೂ ಹುರುಪೆಯೂ ಇರುವುದರಿಂದ ಅದು ಕೋಷರ್. ಅಜ್ಜಿಯನ್ನು ಕೇಳಿ ಮಾಡಬಹುದು. ಸಿಗಡಿ, ಏಡಿ, ಮರುವಾಯಿ ಮಾತ್ರ ಆ ಅಡುಗೆಮನೆಯ ಹೊಸ್ತಿಲು ದಾಟಬಾರದು.

ಕೊನೆಯದಾಗಿ ಒಲೆಯ ಸ್ಥಾನ. ಬೇಯಿಸಿದ ಹಲವು ಬಗೆಯ ಅಡುಗೆಗಳಲ್ಲಿ ಯಹೂದಿಯೊಬ್ಬರ ಕೈ ಸೇರಿರಬೇಕು ಎಂಬ ನಿಯಮವಿದೆ. ಅಶ್ಕೆನಾಜಿಗಳಲ್ಲಿ ಉರಿ ಹೊತ್ತಿಸಿದರೆ ಸಾಕು, ನಿಮ್ಮ ಅಜ್ಜಿಯಂತಹವರ ಸೆಫಾರ್ದಿ ಸಂಪ್ರದಾಯದಲ್ಲಿ ಪಾತ್ರೆಯನ್ನು ಉರಿಯ ಮೇಲೆ ಇಡುವಂತಹ ಕೆಲಸವನ್ನೂ ಅವರೇ ಮಾಡಬೇಕೆನ್ನುತ್ತಾರೆ. ಅದು ನಿಮ್ಮನ್ನು ದೂರವಿಡುವ ಮಾತೆಂದು ನೊಂದುಕೊಳ್ಳಬೇಡಿ. 60 ವರ್ಷ ಅಡುಗೆ ಮಾಡಿದ ಅಜ್ಜಿಗೆ ಒಲೆಯ ಮುಂದೆ ಬರುವ ಕಾರಣವೊಂದು ಉಳಿದಿದೆ ಎಂದು ತಿಳಿಯಿರಿ. ಒಲೆಯ ಮುಂದಿನ ನೆಲದಲ್ಲಿ 30 ಅಂಗುಲ ಅಗಲ, 48 ಅಂಗುಲ ಉದ್ದದಷ್ಟು ಜಾಗದಿಂದ ಸ್ಟೂಲು, ಕಸದ ಬುಟ್ಟಿ ಎಲ್ಲವನ್ನೂ ತೆಗೆಯಿರಿ. ಗಾಲಿಕುರ್ಚಿ ಅಷ್ಟರಲ್ಲಿ ನಿಲ್ಲುತ್ತದೆ. ಗುಂಡಿಗಳು ಒಲೆಯ ಮುಂಭಾಗದಲ್ಲಿರಲಿ, ಮುಂದಿನ ಎರಡು ಬರ್ನರುಗಳನ್ನು ಅಜ್ಜಿಗೇ ಬಿಡಿ. ತುಂಬಿದ ಪಾತ್ರೆಯನ್ನು ಅವರಿಗೆ ಎತ್ತಲು ಆಗದು, ಖಾಲಿ ಪಾತ್ರೆಯನ್ನು ಅವರೇ ಇಟ್ಟು ಹೊತ್ತಿಸಲಿ. ನೀರು, ಅಕ್ಕಿ ಆಮೇಲೆ ನೀವು ಹಾಕಿದರೆ ಅವರ ಪದ್ಧತಿಗೆ ಒಪ್ಪುತ್ತದೆಯೇ ಎಂಬುದನ್ನು ರಬ್ಬಿಯನ್ನು ಕೇಳುವಾಗ ಇದನ್ನೂ ಸೇರಿಸಿ ಕೇಳಿಸಿ.